ಕೆಸರಿಗಾಗಿ ಕಡಲು ಕೊರೆದವರ ಜೊತೆ

ಇಂಡಿ ತಾಲೂಕಿನ ಅಗರಖೇಡದಲ್ಲಿ ನಮ್ಮ ಮನೆಯವರನ್ನು ಬೋರಿನವರು ಎಂದೇ ಗುರುತಿಸುತ್ತಾರೆ. ನಮ್ಮ ಅಬ್ಬಾ ಮೂವತ್ತು ವರ್ಷ ಬೋರ್‌ವೆಲ್ ಗಾಡಿಯ ಮೇಲೆ ದುಡಿದವರು. ಹೊರ್ತಿಯಿಂದ ಗೊಳಸಂಗಿಯವರೆಗೆ ಯಾವ ಹೊಲದಲ್ಲಿ ಎರೆಮಣ್ಣು ಎಷ್ಟು ಆಳ, ಗರಸು ಎಲ್ಲಿ, ಕರಿಕಲ್ಲು ಎಲ್ಲಿಂದ ಶುರು ಎಂಬುದು ಅವರಿಗೆ ಬಾಯಿಪಾಠ. ನಾನು ವಿಜಯಪುರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮುಂಬೈ ಕಡಲಿನ ಎಣ್ಣೆ ಬಾವಿಗಳ ಮೇಲೆ ಪೈಪು ಜೋಡಿಸುವ ಕೆಲಸಕ್ಕೆ ಸೇರಿದೆ. ಹಲವು ವರ್ಷ ಅಲ್ಲಿ ದುಡಿದ ಮೇಲೆ, ವಿಜ್ಞಾನಿಗಳ ಹಡಗೊಂದಕ್ಕೆ ಎರಡು ತಿಂಗಳ ಮಟ್ಟಿಗೆ ಕರೆ ಬಂತು. ಅಂಟಾರ್ಕ್ಟಿಕಾದ ಹತ್ತಿರ ಕಡಲಿನ ತಳವನ್ನು ಕೊರೆಯುವ ಹಡಗು ಅದು.

ಹೊರಡುವ ಮುಂಚಿನ ದಿನ ಅಬ್ಬಾ ಕೇಳಿದರು. “ಸುತ್ತಮುತ್ತ ನೀರ ಐತಿ. ಮತ್ತ ಬೋರ್ ಹೊಡದು ಏನ್ ತಗ್ಯಾಕ ಹೊಂಟಾರ? ಎಣ್ಣೀನ?”

“ಎಣ್ಣಿ ಅಲ್ರಿ ಅಬ್ಬಾ. ಅವರಿಗೆ ಕೆಸರ ಬೇಕಂತ್ರಿ.”

“ಕೆಸರಾ?”

“ಹೌದ್ರಿ. ಹಳೇ ಕೆಸರ. ಲಕ್ಷಗಟ್ಟಲೆ ವರ್ಷದ್ದು.”

ಅಬ್ಬಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ, “ಶ್ಯಾಣ್ಯಾ ಮಂದಿನ ಹೌದಲ್ಲೊ ಅವರು?” ಎಂದರು.

ಹೌದೋ ಅಲ್ಲವೋ ನನಗೂ ಗೊತ್ತಿರಲಿಲ್ಲ.

ಸ್ಯಾಂಟಿಯಾಗೊ, ಪುಂಟಾ ಅರೇನಾಸ್

ಚಿಲಿ ದೇಶಕ್ಕೆ ಕಾಲಿಟ್ಟ ಗಳಿಗೆಯಲ್ಲೇ ಫಜೀತಿಯಾಯಿತು. ಸ್ಯಾಂಟಿಯಾಗೊ ವಿಮಾನ ನಿಲ್ದಾಣದಲ್ಲಿ ಹಣ್ಣು, ಕಾಯಿ, ಬೀಜ ಏನಾದರೂ ತಂದಿದ್ದೀರಾ ಎಂದು ಚೀಟಿಯಲ್ಲಿ ಬರೆಯಬೇಕು. ಇಲ್ಲ ಎಂದು ಬರೆದೆ. ಸಾಲಿನಲ್ಲಿ ನಿಂತಿದ್ದಾಗ ಒಂದು ನಾಯಿ ಬಂದು ನನ್ನ ಚೀಲದ ಪಕ್ಕದಲ್ಲಿ ಶಾಂತವಾಗಿ ಕೂತುಬಿಟ್ಟಿತು. ಚೀಲ ತೆಗೆಸಿ ನೋಡಿದರೆ ಕಾಲುಚೀಲಗಳ ಒಳಗೆ ಎಂಟು ಲಿಂಬೆಹಣ್ಣು. ಹಡಗಿನಲ್ಲಿ ವಾಂತಿ ಬಂದರೆ ಮೂಸಲಿ ಎಂದು ಅಮ್ಮ ನನಗೆ ಹೇಳದೆ ತುರುಕಿದ್ದಳು.

ಅಧಿಕಾರಿ ಹೆಂಗಸು ಒಂದು ಹಣ್ಣನ್ನು ಎತ್ತಿ ಮೂಸಿದರು. ಪಕ್ಕದವನಿಗೂ ಮೂಸಲು ಕೊಟ್ಟರು. ಇಬ್ಬರೂ ಇನ್ನೊಮ್ಮೆ ಮೂಸಿದರು. ಆಮೇಲೆ ಎಂಟನ್ನೂ ಒಂದೊಂದಾಗಿ ಡಬ್ಬಿಗೆ ಹಾಕಿದರು. ಇಂಡಿಯ ಲಿಂಬೆಯನ್ನು ಅಷ್ಟು ಗೌರವದಿಂದ ಎಸೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಳಿಕ ಅವರ ಕೈಗೆ ಸಿಕ್ಕಿದ್ದು ಕಡಕ್ ರೊಟ್ಟಿಯ ಕಟ್ಟು. ಬೆರಳಿನಿಂದ ಬಡಿದು ನೋಡಿ, “ಇವು ತಟ್ಟೆಗಳಾ?” ಎಂದು ಕೇಳಿದರು. ನಾನು ಒಂದು ಚೂರು ಮುರಿದು ತಿಂದು ತೋರಿಸಿದೆ. ಆ ಸದ್ದಿಗೆ ಅವರು ನಕ್ಕು, ರೊಟ್ಟಿಯನ್ನು ಬಿಟ್ಟರು. ಎಚ್ಚರಿಕೆಯ ಮಾತು ಹೇಳಿ ನನ್ನನ್ನೂ ಬಿಟ್ಟರು.

ಹಡಗು ಹೊರಡುವುದು ದಕ್ಷಿಣದ ತುದಿಯ ಪುಂಟಾ ಅರೇನಾಸ್ ಎಂಬ ಊರಿನಿಂದ. ಅಲ್ಲಿ ಬೀಸುವ ಗಾಳಿಯನ್ನು ಕಂಡಾಗ ನಮ್ಮ ಆಷಾಢದ ಗಾಳಿ ಸಣ್ಣ ಹುಡುಗಾಟಿಕೆ ಅನ್ನಿಸಿತು. ಗಾಳಿಯ ದಿನಗಳಲ್ಲಿ ಜನ ಹಿಡಿದುಕೊಂಡು ನಡೆಯಲೆಂದು ಬೀದಿಯ ಮೂಲೆಗಳಲ್ಲಿ ಹಗ್ಗ ಕಟ್ಟುತ್ತಾರಂತೆ. ಒಬ್ಬ ಮುದುಕಪ್ಪ ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದ. ನನಗೆ ದಾರಿ ಹೇಳಬೇಕೆಂದರೆ ಎರಡರಲ್ಲಿ ಒಂದನ್ನು ಬಿಡಬೇಕು. ಟೋಪಿ ಬಿಟ್ಟು ದಾರಿ ತೋರಿಸಿದ. ಟೋಪಿ ಹಿಡಿದು ತರಲು ನಾನು ಎರಡು ಬೀದಿ ಓಡಿದೆ.

ದಕ್ಷಿಣಕ್ಕೆ ಹೋಗುವ ದಾರಿ

ನನ್ನ ಹೆಸರು ಇಮಾಮಸಾಬ. ನಮ್ಮ ಕಡೆ ಓಣಿಗೊಬ್ಬ ಇಮಾಮಸಾಬ ಸಿಗುತ್ತಾನೆ. ಹಡಗಿನಲ್ಲಿ ಮಾತ್ರ ಈ ಹೆಸರು ಬೇರೆ ಅರ್ಥ ಕೊಟ್ಟಿತು. ಡ್ರಿಲ್ ಡೆಕ್ಕಿನ ಮುಖ್ಯಸ್ಥ ರೋಮೆಲ್ ಫಿಲಿಪೈನ್ಸಿನವನು. ಕುಳ್ಳು, ಗಟ್ಟಿ ಆಳು, ಅತಿ ಕಡಿಮೆ ಮಾತು. ಅವನ ಊರಿನ ಕಡೆಯ ಇಬ್ಬರು ಮುಸ್ಲಿಂ ಕೆಲಸಗಾರರು ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, ನಮಾಜಿಗೆ ಮುಂದೆ ನಿಲ್ಲುವ ಇಮಾಮನೇ ಇವನೆಂದು ತಿಳಿದು, ಶುಕ್ರವಾರ ನಮಾಜು ಮಾಡಿಸಬೇಕೆಂದು ಕೇಳಿಕೊಂಡರು. ಇದು ಬರೀ ಹೆಸರು, ನಾನು ಪೈಪು ಜೋಡಿಸುವವನು ಎಂದರೆ ವಿನಯಕ್ಕೆ ಹೇಳುತ್ತಿದ್ದಾನೆ ಅಂದುಕೊಂಡರು. ಕೊನೆಗೆ ಒಪ್ಪಿದೆ. ಮೆಕ್ಕಾ ಯಾವ ದಿಕ್ಕಿಗಿದೆ ಎಂದು ನಾವಿಕ ಅಧಿಕಾರಿ ನಕಾಶೆ ಹಾಸಿ ಲೆಕ್ಕ ಹಾಕಿ ತೋರಿಸಿದ. ನಾವು ಸಾಲಾಗಿ ನಿಂತು ನಮಾಜು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಹಡಗು ಯಾವುದೋ ಮಂಜಿನ ತುಂಡನ್ನು ತಪ್ಪಿಸಲು ತಿರುಗಿತು. ಮುಗಿಯುವ ಹೊತ್ತಿಗೆ ನಮ್ಮ ಮುಖ ಯಾವ ಕಡೆಗಿತ್ತೋ ಮೇಲಿನವನೇ ಬಲ್ಲ. ಆದರೆ ಅಂದಿನಿಂದ ಊಟದ ಮನೆಯಲ್ಲಿ ನನಗೊಂದು ಜಾಗ ಖಾಯಂ ಆಯಿತು.

ಅದಕ್ಕೂ ಮುಂಚೆ, ಹೊರಟ ಮೊದಲ ನಾಲ್ಕು ದಿನ ತಲೆ ಎತ್ತಲಾಗದಷ್ಟು ವಾಂತಿ. ಐದನೆಯ ದಿನ ಎದ್ದು ಹೊರಗೆ ಬಂದರೆ ಕಡಲು ಸಪಾಟಾಗಿತ್ತು. ಅದರ ಮೇಲೆ ಬಿಳಿ ಹಲಗೆಗಳಂತೆ ಮಂಜು ತೇಲುತ್ತಿತ್ತು. ದೂರದಲ್ಲಿ ಒಂದು ಹಿಮದ ಗುಡ್ಡ ನಿಂತಿತ್ತು. ಬುಡದಲ್ಲಿ ನೀಲಿ, ಎಂಥ ನೀಲಿ ಎಂದರೆ ಅದಕ್ಕೆ ನನ್ನ ಹತ್ತಿರ ಹೋಲಿಕೆಯಿಲ್ಲ. ಅದರ ಪಕ್ಕದಲ್ಲಿ ತಿಮಿಂಗಿಲವೊಂದು ಉಸಿರು ಬಿಟ್ಟಿತು. ಆ ಸದ್ದು ಬಸ್ಸಿನ ಏರ್ ಬ್ರೇಕು ಬಿಟ್ಟಂತೆ ಕೇಳಿಸಿತು. ಇಂಡಿ ಬಸ್ ನಿಲ್ದಾಣದಲ್ಲಿ ದಿನಾ ಕೇಳಿದ ಸದ್ದನ್ನು ಭೂಮಿಯ ತುದಿಯಲ್ಲಿ ಕೇಳಿ ನಾನು ಒಬ್ಬನೇ ನಕ್ಕೆ.

ಮೊದಲ ಕೋರು

ಕೆಲಸ ನನಗೆ ಗೊತ್ತಿದ್ದದ್ದೇ. ಹಡಗಿನ ನಡುವೆ ಒಂದು ಗೋಪುರ, ಅದರ ಕೆಳಗೆ ಕಡಲಿಗೆ ತೆರೆದ ಬಾಯಿ. ಅಲ್ಲಿಂದ ಪೈಪಿಗೆ ಪೈಪು ಜೋಡಿಸುತ್ತ ಮೈಲಿಗಟ್ಟಲೆ ಆಳಕ್ಕೆ ಇಳಿಸಬೇಕು. ತಳ ಮುಟ್ಟಿದ ಮೇಲೆ ಪೈಪಿನ ಒಳಗಿಂದ ಇನ್ನೊಂದು ಕೊಳವೆಯನ್ನು ಬಿಟ್ಟು ಕೆಸರಿನೊಳಗೆ ತೂರಿಸಿ, ಕೆಸರಿನ ಕಂಬವನ್ನು ಹಾಗೆಯೇ ಮೇಲಕ್ಕೆ ಎಳೆಯಬೇಕು. ಆ ಕಂಬಕ್ಕೆ ಕೋರು ಎನ್ನುತ್ತಾರೆ. ಕೆಸರು ಜಾರಿ ಬೀಳದಂತೆ ಕೊಳವೆಯ ಬಾಯಿಯಲ್ಲಿ ಹಲ್ಲುಗಳಿರುವ ಒಂದು ಉಕ್ಕಿನ ಬಳೆ ಇರುತ್ತದೆ. ಅದು ಕ್ಯಾಚರ್.

ಮೊದಲ ಕೋರು ಮೇಲೆ ಬಂದಾಗ ಧ್ವನಿವರ್ಧಕದಲ್ಲಿ ಕೂಗಿದರು. ಹಡಗಿನ ಮೂಲೆ ಮೂಲೆಯಿಂದ ವಿಜ್ಞಾನಿಗಳು ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತ ಓಡಿ ಬಂದರು. ಊಟ ಬಿಟ್ಟು ಬಂದವರ ಬಾಯಲ್ಲಿ ಇನ್ನೂ ತುತ್ತಿತ್ತು. ನಮ್ಮ ಕಡೆ ಬೋರಿನಲ್ಲಿ ನೀರು ಚಿಮ್ಮಿದಾಗ ಮನೆಮಂದಿಯೆಲ್ಲ ಹೀಗೆ ಓಡಿ ಬರುತ್ತಾರೆ. ಇಲ್ಲಿ ಪಾರದರ್ಶಕ ಕೊಳವೆಯಲ್ಲಿ ಬಂದದ್ದು ಪಾಚಿಹಸಿರು ಬಣ್ಣದ, ಕೊಳೆತ ಮೊಟ್ಟೆಯ ವಾಸನೆಯ ಕೆಸರು. ಅದನ್ನು ಹಸುಗೂಸಿನಂತೆ ಹೆಗಲ ಮೇಲೆ ಹೊತ್ತು ಒಳಗೆ ಒಯ್ದರು.

ಅವರ ನಡುವೆ ಒಬ್ಬ ಹಿರಿಯ ಹೆಂಗಸು ಇದ್ದರು. ಬಿಳಿ ಕೂದಲು, ಕುತ್ತಿಗೆಗೆ ಜೋತುಬಿದ್ದ ಕನ್ನಡಕ, ಅರವತ್ತು ದಾಟಿದ ವಯಸ್ಸು. ಹೆಸರು ಮಾರ್ತಾ, ಚಿಲಿಯವರೇ. ಅವರು ಕೆಸರನ್ನು ಚೂರು ತೆಗೆದು ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲುಗಳ ನಡುವೆ ಉಜ್ಜಿ ನೋಡಿದರು.

“ತಿನ್ನುತ್ತೀರಾ ಅದನ್ನು?” ಎಂದು ಕೇಳಿದೆ.

“ಮರಳಿದ್ದರೆ ಹಲ್ಲಿಗೆ ಕರಕರ ಅನ್ನುತ್ತದೆ. ಇಲ್ಲದಿದ್ದರೆ ಬೆಣ್ಣೆ. ಇದು ಬೆಣ್ಣೆ,” ಎಂದು ಅವರು ಉಗುಳಿದರು.

ನಮ್ಮ ಅಬ್ಬಾ ಬೋರಿನ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿ, ಕೆಳಗೆ ಎಂಥ ಕಲ್ಲಿದೆ ಎಂದು ಹೇಳುತ್ತಿದ್ದರು. ಆ ಗಳಿಗೆಯಿಂದ ಮಾರ್ತಾ ಅವರ ಬಗ್ಗೆ ನನಗೆ ನಂಬಿಕೆ ಹುಟ್ಟಿತು.

ಆಮೇಲೆ ತಿಳಿಯಿತು, ಇದೇ ಜಾಗಕ್ಕೆ ಅವರು ಹಿಂದೆ ಎರಡು ಸಲ ಬಂದಿದ್ದರು. ಎರಡು ಸಲವೂ ಮಂಜುಗಡ್ಡೆ ದಾರಿ ಬಿಟ್ಟಿರಲಿಲ್ಲ.

ನಾನು ತೊಳೆದದ್ದು

ಎರಡನೆಯ ವಾರದ ಒಂದು ಮಧ್ಯಾಹ್ನ. ಕೆಳಗೆ ಕಲ್ಲಿನ ಹರಳುಗಳು ಸಿಗತೊಡಗಿದ್ದವು. ಅವು ಹಿಮದ ಗುಡ್ಡಗಳು ಹೊತ್ತು ತಂದು ಕರಗುವಾಗ ಉದುರಿಸಿದ ಕಲ್ಲುಗಳು. ಅಂಥ ಹರಳು ಕೊಳವೆಯ ಬಾಯಿಗೆ ಸಿಕ್ಕಿಕೊಂಡು ಆ ದಿನದ ಕೋರು ಖಾಲಿ ಬಂತು. ಕ್ಯಾಚರಿನ ಬಳೆಯಲ್ಲಿ ಮಾತ್ರ ಒಂದು ಹಿಡಿ ಕೆಸರು ಉಳಿದಿತ್ತು. ಅದನ್ನು ಒಳಗೆ ಒಯ್ಯುವವನು ಬೇರೆ ಕೆಲಸದಲ್ಲಿದ್ದ. ರೋಮೆಲ್ ಬಳೆಯನ್ನು ನನ್ನ ಕೈಗೆ ಕೊಟ್ಟು, “ಕೊಟ್ಟು ಬಾ,” ಎಂದ.

ಸಾಮಾನು ಮೇಲೆ ಬಂದರೆ ಮೊದಲು ತೊಳೆಯಬೇಕು. ಅಬ್ಬಾನ ಗಾಡಿಯ ಮೇಲೆ ಹತ್ತು ವರ್ಷದವನಿದ್ದಾಗಲೇ ಕಲಿತ ಪಾಠ ಅದು. ಮುಂಬೈಯಲ್ಲೂ ಅದೇ. ನನ್ನ ಕೈ ತಾನಾಗಿಯೇ ನೀರಿನ ಜೆಟ್ಟಿಗೆ ಹೋಯಿತು. ಬಳೆ ಫಳಫಳ ಹೊಳೆದ ಮೇಲೆ ನಾನು ಮಾಡಿದ್ದೇನು ಎಂದು ತಿಳಿಯಿತು. ಆ ಹಿಡಿ ಕೆಸರೇ ಆ ಕೋರಿನ ಸರ್ವಸ್ವವಾಗಿತ್ತು. ಅದು ಕಾಲುವೆಯಲ್ಲಿ ಹರಿದು ಕಡಲಿಗೆ ಹೋಗಿತ್ತು.

ಯಾರೂ ನೋಡಿರಲಿಲ್ಲ. ಬರಿದೇ ಬಂತು ಎಂದರೆ ಮುಗಿಯುತ್ತಿತ್ತು. ಕಲ್ಲು ಸಿಕ್ಕಿಕೊಂಡಾಗ ಹಾಗೆ ಆಗುವುದು ಉಂಟು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಬಾಗಿಲಲ್ಲಿ ಮಾರ್ತಾ ಅವರು ಪ್ಲಾಸ್ಟಿಕ್ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಿದ್ದರು. ಬಾಯಿ ತೆರೆದ ಆ ಚೀಲವನ್ನು ನೋಡಿದಾಗ ಸುಳ್ಳು ಹೊರಡಲಿಲ್ಲ.

“ಕೆಸರಿತ್ತು. ನಾನು ತೊಳೆದುಬಿಟ್ಟೆ,” ಎಂದೆ.

ಅವರ ಮುಖ ಕೆಂಪಾಯಿತು. ಬಳೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು, ಒಂದೊಂದೇ ಹಲ್ಲನ್ನು ಉಗುರಿನಿಂದ ಎತ್ತಿ ನೋಡಿದರು. ನಾಲ್ಕನೆಯದೋ ಐದನೆಯದೋ ಹಲ್ಲಿನ ಹಿಂದೆ, ಮಡಿಕೆಯಲ್ಲಿ, ಜೀರಿಗೆಯಷ್ಟು ಕೆಸರು ಒತ್ತಿಕೊಂಡಿತ್ತು.

“ಹಲ್ಲುಕಡ್ಡಿ ಇದೆಯಾ?” ಎಂದು ಕೇಳಿದರು.

ಊಟದ ಮನೆಗೆ ಓಡಿ ಒಂದು ಡಬ್ಬಿಯನ್ನೇ ತಂದೆ. ಮೇಲಿನ ಪದರ ಕೆರೆದು ಬಿಸಾಕಿ, ನಡುವಿನದನ್ನು ಕಡ್ಡಿಯ ತುದಿಗೆ ಹತ್ತಿಸಿಕೊಂಡರು. “ನನಗೆ ಇಷ್ಟು ಸಾಕು. ಉಳಿದವರಿಗೆ ಸಾಲದು, ಅವರು ನಿನ್ನನ್ನು ಬೈಯುತ್ತಾರೆ. ಬೈಸಿಕೋ,” ಎಂದರು.

ಬೈದರು. ಬೈಸಿಕೊಂಡೆ.

ಗಾಜಿನ ಗಾಲಿಗಳು

ಪಾಳಿ ಮುಗಿದ ಮೇಲೆ ಮಾರ್ತಾ ಅವರು ಕರೆಸಿದರು. ಆ ಜೀರಿಗೆಯಷ್ಟು ಕೆಸರನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಬಳಿದು ಮೈಕ್ರೋಸ್ಕೋಪಿನಲ್ಲಿ ಇಟ್ಟಿದ್ದರು. ಬಗ್ಗಿ ನೋಡಿದೆ. ಗಾಲಿಗಳು, ದೋಣಿಗಳು, ಜರಡಿಗಳು, ಸರಪಳಿಗಳು, ಎಲ್ಲ ಗಾಜಿನವು. ಯಾವ ಅಕ್ಕಸಾಲಿಗನೂ ಅಷ್ಟು ಸಣ್ಣ ತೂತುಗಳನ್ನು ಅಷ್ಟು ಸಾಲಾಗಿ ಕೊರೆಯಲಾರ. ಡಯಾಟಮ್ ಎಂಬ ಒಂದೇ ಕೋಶದ ಪಾಚಿಯ ಚಿಪ್ಪುಗಳು ಅವು ಎಂದು ಮಾರ್ತಾ ಹೇಳಿದರು. ಸತ್ತ ಮೇಲೆ ತಳಕ್ಕೆ ಬಿದ್ದು ಕೆಸರಾಗುತ್ತವೆ. ಕೆಲವು ಜಾತಿ ತೆರೆದ ನೀರಿನಲ್ಲಿ ಬೆಳೆಯುವಂಥವು, ಕೆಲವು ಮಂಜಿನ ಅಂಚಿಗೇ ಅಂಟಿಕೊಂಡು ಬದುಕುವಂಥವು. ಯಾವುದು ಎಷ್ಟಿದೆ ಎಂದು ಎಣಿಸಿದರೆ ಆ ಕಾಲದಲ್ಲಿ ಮಂಜು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳಬಹುದು.

“ನೀನು ಉಳಿಸಿದ ಚೂರಿನಲ್ಲಿ ಮಂಜಿನ ಅಂಚಿನವೇ ಜಾಸ್ತಿ. ಮೇಲಿನ ಹಸಿರು ಕೆಸರಿನಲ್ಲಿ ತೆರೆದ ನೀರಿನವು. ಅಂದರೆ ನಾವು ಕೆಳಗೆ ಹೋದ ಹಾಗೆ, ಹಳೆಯ ಕಾಲಕ್ಕೆ ಹೋದ ಹಾಗೆ, ಮಂಜು ಹತ್ತಿರ ಬರುತ್ತಿದೆ,” ಎಂದರು.

ನಾನು ಉಳಿಸಿದ್ದಲ್ಲ, ತೊಳೆದದ್ದು. ಅವರು ಹಾಗೆ ಅಂದದ್ದು ಅವರ ದೊಡ್ಡತನ.

ಮರುದಿನ ಊರಿಗೆ ಫೋನು ಸಿಕ್ಕಿತು. ಎಲ್ಲವನ್ನೂ ಅಬ್ಬಾನಿಗೆ ಹೇಳಿದೆ.

“ತೊಳದ್ಯಾ?” ಎಂದರು ಅಬ್ಬಾ. “ನಾ ಇದ್ರ ನಾನೂ ತೊಳೀತಿದ್ದೆ. ಆ ಗಾಜಿನ ಹುಳ ಏನ್ ತಿಂತಾವ?”

“ಬಿಸಲ ತಿಂತಾವ್ರಿ. ನಮ್ಮ ಹೊಲದಾಗಿನ ಬೆಳಿ ಇದ್ದಂಗ.”

“ಅಂದ್ರ ಮ್ಯಾಲ ಬರ್ಫ ಮುಚ್ಚಿದ್ರ ಉಪಾಸ.”

“ಹೌದ್ರಿ. ಅವು ಉಪಾಸ ಇದ್ರ ಅವನ್ನ ತಿನ್ನೋ ಸಿಗಡಿ ಉಪಾಸ. ಸಿಗಡಿ ಉಪಾಸ ಇದ್ರ ಮೀನ, ತಿಮಿಂಗಿಲ ಎಲ್ಲಾ ಉಪಾಸ.”

“ಹಂಗಾದ್ರ ಬರ್ಫ ಕರಗೋದು ಚಲೋನ ಆತಲ್ಲ.”

ಫೋನು ಇಟ್ಟು ಮೈಕ್ರೋಸ್ಕೋಪಿನ ಕೋಣೆಗೆ ಹೋದೆ. ಮಾರ್ತಾ ಅವರನ್ನೇ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಯೋಚಿಸಿದರು. “ನಿಮ್ಮ ತಂದೆ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಸಿಗಡಿಯಂಥ ಆ ಕ್ರಿಲ್ ಇದೆಯಲ್ಲ, ಅದರ ಮರಿಗಳು ಚಳಿಗಾಲದಲ್ಲಿ ಮಂಜಿನ ಅಡಿಗೆ ಅಂಟಿದ ಪಾಚಿಯನ್ನು ಮೇಯ್ದು ಬದುಕುತ್ತವೆ. ವರ್ಷವಿಡೀ ಮುಚ್ಚಿದರೂ ಕಷ್ಟ, ಪೂರ್ತಿ ಇಲ್ಲವಾದರೂ ಕಷ್ಟ. ಬರಬೇಕು, ಹೋಗಬೇಕು. ಹಿಂದೆ ಮಂಜು ಹೋದಾಗ ಯಾವ ಜೀವ ಉಳಿಯಿತು, ಯಾವುದು ಹೋಯಿತು, ಹೋದದ್ದು ತಿರುಗಿ ಬರಲು ಎಷ್ಟು ಕಾಲ ಹಿಡಿಯಿತು, ಇದಷ್ಟೂ ಈ ಕೆಸರಿನಲ್ಲಿದೆ. ನಾವು ನೋಡುತ್ತಿರುವಂತೆಯೇ ಮಂಜು ಕಡಿಮೆಯಾಗುತ್ತಿದೆ. ಹಳೆಯದನ್ನು ತಿಳಿಯದೆ ಮುಂದಿನದನ್ನು ಹೇಗೆ ಹೇಳಲಿ?”

ಅಬ್ಬಾನಿಗೆ ಈ ಉತ್ತರ ತಲುಪಿಸಿದಾಗ ಅವರು, “ಆ ಅಕ್ಕಾರಿಗೆ ನನ್ನ ಸಲಾಮ ಹೇಳು,” ಎಂದರು. ಹೇಳಿದೆ.

ಹಿಮದ ಗುಡ್ಡ

ಜೀರಿಗೆಯಷ್ಟು ಸಿಕ್ಕ ಆ ಪದರದ ಕೆಳಗೆ ಬೂದುಬಣ್ಣದ ಗಟ್ಟಿ ಕೆಸರು ಶುರುವಾಯಿತು. ತುಂಬ ಕಲ್ಲು. ಕೋರಿನ ಮೇಲೆ ಕೋರು ತೆಗೆದೆವು. ಮಾರ್ತಾ ಅವರ ಗಾಜಿನ ಪಟ್ಟಿಗಳು ಒಂದಾದ ಮೇಲೊಂದು ಬರಿದಾಗಿಯೇ ಇದ್ದವು. ಒಂದು ಗಾಲಿಯಿಲ್ಲ, ಒಂದು ದೋಣಿಯಿಲ್ಲ. ಆ ಕಾಲದಲ್ಲಿ ದಪ್ಪ ಹಿಮ ಇಡೀ ಜಾಗವನ್ನು ಮುಚ್ಚಿತ್ತು, ಕೆಳಗೆ ಕತ್ತಲೆ. ಪ್ರತಿ ಪಟ್ಟಿಯನ್ನೂ ಅವರು ಅದೇ ತಾಳ್ಮೆಯಿಂದ ಈ ಅಂಚಿನಿಂದ ಆ ಅಂಚಿನವರೆಗೆ ನೋಡಿ, ‘ಬರಿದು’ ಎಂದು ಬರೆಯುತ್ತಿದ್ದರು. ನೋಡದೆಯೇ ಬರೆಯಬಹುದಿತ್ತು. ಬರೆಯಲಿಲ್ಲ. ಈ ಬೂದು ಮುಗಿದ ಮೇಲೆ ಅದಕ್ಕೂ ಹಳೆಯ ಕಾಲದಲ್ಲಿ ಏನಿತ್ತು ಎಂಬುದೇ ಅವರು ಮೂರು ಸಲ ಇಲ್ಲಿಗೆ ಬರಲು ಕಾರಣ. ಈ ಕಡಲು ಮೊದಲಿನಿಂದಲೂ ಮುಚ್ಚಿಯೇ ಇತ್ತೋ, ಅಥವಾ ಒಮ್ಮೆ ತೆರೆದಿದ್ದು ಮುಚ್ಚಿತೋ.

ಅಷ್ಟರಲ್ಲಿ ಒಂದು ಹಿಮದ ಗುಡ್ಡ ನಮ್ಮ ಕಡೆಗೆ ತೇಲಿ ಬರತೊಡಗಿತು. ಬಸವನ ಬಾಗೇವಾಡಿ ಪೇಟೆ ಪೂರ್ತಿ ಅದರ ಮೇಲೆ ಹಿಡಿಸುವಷ್ಟು ಅಗಲ. ಹಡಗಿನ ಸುತ್ತ ನಕಾಶೆಯಲ್ಲಿ ಎಳೆದ ಗೆರೆಯನ್ನು ಗುಡ್ಡ ದಾಟಿದರೆ ಪೈಪು ಎಳೆದುಕೊಂಡು ಹೊರಡಬೇಕು ಎಂಬುದು ನಿಯಮ. ಪೈಪು ಎಳೆದರೆ ಕಡಲಿನ ತಳದಲ್ಲಿ ಮೊರದಗಲದ ಒಂದು ತೂತು ಉಳಿಯುತ್ತದೆ. ಅದನ್ನು ತಿರುಗಿ ಹುಡುಕುವುದು ಹೇಗೆ?

ರೋಮೆಲ್ ಅಂದಿನ ತನ್ನ ಅತಿ ಉದ್ದದ ಭಾಷಣ ಮಾಡಿದ. “ಆಲಿಕೆ ಬಿಡೋಣ.”

ಆಲಿಕೆ ಎಂದರೆ ಎಣ್ಣೆ ಸುರಿಯಲು ಬಳಸುತ್ತೇವಲ್ಲ, ಅದೇ ಆಕಾರ, ಆಳಿಗಿಂತ ಎತ್ತರ, ಉಕ್ಕಿನದು. ಪೈಪಿನ ಸುತ್ತ ಕಟ್ಟಿ ಬಿಟ್ಟರೆ ಜಾರುತ್ತ ಹೋಗಿ ತೂತಿನ ಬಾಯಲ್ಲಿ ಕೂರುತ್ತದೆ. ಬಿಟ್ಟೆವು. ಪೈಪು ಎಳೆಯಲು ಇಡೀ ದಿನ ಹಿಡಿಯಿತು. ಕಟಕಟೆಯ ಹತ್ತಿರ ನಿಂತ ಮಾರ್ತಾ ಅವರು ಗುಡ್ಡವನ್ನು ನೋಡುತ್ತಿದ್ದರು. ಸಿಟ್ಟು ಬರುತ್ತದೆಯಾ ಎಂದು ಕೇಳಿದೆ.

“ಅದರ ದಾರಿಯಲ್ಲಿ ನಾವು ನಿಂತಿದ್ದೇವೆ,” ಎಂದರು. “ನೋಡು, ಎಷ್ಟು ಚಂದ ಇದೆ.”

ನಿಜಕ್ಕೂ ಚಂದವಿತ್ತು. ನಮ್ಮ ಗೆರೆಯ ಮೇಲೆಯೇ ಹಾದು, ಎರಡು ದಿನ ತೆಗೆದುಕೊಂಡು, ನಿಧಾನಕ್ಕೆ ಹೋಯಿತು.

ತಿರುಗಿ ಆ ತೂತಿಗೆ

ತಿರುಗಿ ಬಂದಾಗ ಕೊರೆಯಲು ನಮಗೆ ಉಳಿದಿದ್ದು ಮೂರು ದಿನ. ಪೈಪಿನ ತುದಿಯ ಜೊತೆಗೆ ಕ್ಯಾಮೆರಾ ಇಳಿಸಿದೆವು. ಪರದೆಯಲ್ಲಿ ಬರೀ ಬೂದು ನೆಲ, ಅಲ್ಲೊಂದು ಇಲ್ಲೊಂದು ನಕ್ಷತ್ರಮೀನು. ಒಂದು ತಾಸು, ಎರಡು ತಾಸು. ಹಡಗನ್ನು ಮಾರು ಮಾರು ಸರಿಸುತ್ತ ಹುಡುಕಿದೆವು. ಒಂದು ಕಡೆ ಕೆಸರಿನಲ್ಲಿ ಅರ್ಧ ಹೂತ ಒಂದು ಗೆರೆ ಕಂಡಿತು, ತೀರ ನೇರವಾದದ್ದು.

“ರೋಮೆಲ್, ಎಡಗಡೆ,” ಎಂದೆ.

ಅವನು ಪರದೆಗೆ ಮೂಗು ಹಚ್ಚುವಷ್ಟು ಹತ್ತಿರ ಬಂದ. ಆಲಿಕೆಯ ಅಂಚು. ಒಂದು ನಕ್ಷತ್ರಮೀನು ಅಷ್ಟರಲ್ಲೇ ಅದರ ಮೇಲೆ ಬಿಡಾರ ಹೂಡಿತ್ತು. ರೋಮೆಲ್ ಗೇಣು ಗೇಣಾಗಿ ಪೈಪನ್ನು ಇಳಿಸಿದ. ಮೂರನೆಯ ಸಲಕ್ಕೆ ತುದಿ ಒಳಗೆ ಹೋಯಿತು. ಡೆಕ್ಕಿನ ಮೇಲಿದ್ದವರು ಕೂಗಾಡಲಿಲ್ಲ. ಒಬ್ಬರ ಭುಜವನ್ನು ಒಬ್ಬರು ಹಿಡಿದುಕೊಂಡರು, ಅಷ್ಟೇ.

ಮತ್ತೆ ಬೂದು. ಮತ್ತೆ ಬರಿದು. ಕೊನೆಯ ದಿನದ ಮಧ್ಯಾಹ್ನ ಒಂದು ಕೋರು ಬಂತು. ಬಣ್ಣ ಅದೇ ಬೂದು, ಆದರೆ ಕಲ್ಲು ಕಡಿಮೆ. ಕ್ಯಾಚರಿನ ಕೆಸರನ್ನು ಚೀಲಕ್ಕೆ ಹಾಕಿ ನಾನೇ ಒಯ್ದು ಕೊಟ್ಟೆ. ಮಾರ್ತಾ ಅವರು ಗಾಜಿನ ಪಟ್ಟಿ ಮಾಡಿದರು, ಮೈಕ್ರೋಸ್ಕೋಪಿಗೆ ಇಟ್ಟರು. ಆದರೆ ಕೂರಲಿಲ್ಲ. ಹೊರಗಿನ ಚಳಿಯಿಂದ ಬಂದ ಕನ್ನಡಕದ ಮೇಲೆ ಮಬ್ಬು ಹತ್ತಿತ್ತು. ಅದನ್ನು ಒರೆಸಿದರು, ಮತ್ತೆ ಒರೆಸಿದರು.

“ಇದೊಂದನ್ನು ನೀನು ನೋಡು,” ಎಂದರು. “ನನಗಾಗುವುದಿಲ್ಲ.”

ನಾನು ಕೂತೆ. ಅವರು ಮಾಡುತ್ತಿದ್ದಂತೆಯೇ ಮೂಲೆಯಿಂದ ಶುರು ಮಾಡಿದೆ. ಕಲ್ಲಿನ ಚೂರು, ಕಲ್ಲಿನ ಚೂರು, ಜೇಡಿಮಣ್ಣಿನ ಮಸುಕು. ಒಂದು ಸಾಲು ಮುಗಿಯಿತು. ಎರಡನೆಯ ಸಾಲಿನ ನಡುವೆ ಏನೋ ದುಂಡಗಿನದು. ಗಾಲಿಯ ಅರ್ಧ ಭಾಗ, ಅಂಚು ಮುರಿದಿತ್ತು, ತೂತುಗಳ ಸಾಲು ಸ್ಪಷ್ಟವಾಗಿತ್ತು. ಅದರ ಪಕ್ಕದಲ್ಲಿ ಒಂದು ಇಡೀ ಗಾಲಿ. ಆಚೆ ಇನ್ನೊಂದು. ಆಮೇಲೆ ಒಂದು ದೋಣಿ. ಪಟ್ಟಿ ಸರಿಸಿದಷ್ಟೂ ಬರುತ್ತಲೇ ಇದ್ದವು. ಎಷ್ಟೋ ಲಕ್ಷ ವರ್ಷಗಳ ಹಿಂದೆ ಬಿಸಿಲು ತಿಂದು ಬದುಕಿದ್ದವು, ಆಮೇಲೆ ಅವುಗಳ ಮೇಲೆ ಹಿಮದ ಬಾಗಿಲು ಮುಚ್ಚಿತ್ತು.

ಇಂಗ್ಲಿಷು ನೆನಪಾಗಲಿಲ್ಲ. “ಅದಾವ್ರಿ,” ಎಂದೆ. “ಭಾಳ ಅದಾವ್ರಿ.”

ಮಾರ್ತಾ ಅವರು ಅದರ ಅರ್ಥ ಕೇಳಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು ಬಗ್ಗಿ, ತಾವೂ ಒಮ್ಮೆ ನೋಡಿದರು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಡೆಕ್ಕಿನಿಂದ ರೋಮೆಲನ ಧ್ವನಿ ಬಂತು, ಹೊತ್ತಾಗುತ್ತಿದೆ, ಪೈಪು ಎಳೆಯಲೇ ಎಂದು. ಅವರು ಫೋನು ಎತ್ತಿಕೊಂಡರು. “ಇನ್ನೊಂದು ಕೋರಿಗೆ ಹೊತ್ತಿದೆಯಾ?” ಎಂದು ಕೇಳಿದರು. ಆ ಕಡೆ ರೋಮೆಲ್ ಲೆಕ್ಕ ಹಾಕುತ್ತಿದ್ದ. ಆಮೇಲೆ, “ಒಂದಕ್ಕೆ ಇದೆ. ಇಮಾಮನನ್ನು ಕಳಿಸಿ,” ಎಂದ.

ಹೆಲ್ಮೆಟ್ಟು ಹಾಕಿಕೊಂಡು ಮೆಟ್ಟಿಲು ಹತ್ತಿ ಓಡಿದೆ.